ನಾಜಲ್ ಕಂಪ್ಲೇಂಟ್ ಇರುವ ಹಳೇ ಡೀಸೆಲ್ ಕಾರು: ದುಡ್ಡು ಕೊಡುವ ಮುಂಚೆ ಹೀಗೆ ನೋಡಿ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯಿಂದ ನನಗೆ ಬರುವ ಪ್ರಶ್ನೆ ಹೆಚ್ಚೂಕಡಿಮೆ ಒಂದೇ. "ಗಾಡಿ ಚೆನ್ನಾಗಿದೆ, ರೇಟೂ ಕಡಿಮೆ ಹೇಳ್ತಿದ್ದಾರೆ, ನಾಜಲ್ ಸ್ವಲ್ಪ ಪ್ರಾಬ್ಲಮ್ ಅಂತೆ, ತಗೋಬಹುದಾ?" ಮಾರುವವರ ಮಾತೂ ಎಲ್ಲ ಕಡೆ ಒಂದೇ: "ಏನಿಲ್ರಿ ಅಣ್ಣಾರ, ನಾಜಲ್ ಕ್ಲೀನ್ ಮಾಡ್ಸಿದ್ರ ಮುಗೀತು, ಹೊಸಾ ಗಾಡಿ ಆಗ್ತೈತಿ."

ತಗೋಬಹುದು. ಆದರೆ ಅವರು ಬೆಲೆಯಲ್ಲಿ ಇಳಿಸಿದ ಮೊತ್ತ ರಿಪೇರಿ ಖರ್ಚಿಗಿಂತ ಜಾಸ್ತಿ ಇರಬೇಕು. ಆ ಖರ್ಚು ಎಷ್ಟು ಎಂದು ತಿಳಿಯಲು ಗಾಡಿಯನ್ನು ಎರಡು ಸಲ ಸ್ಟಾರ್ಟ್ ಮಾಡಿ ನೋಡಬೇಕು. ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ಒಮ್ಮೆ, ಚೆನ್ನಾಗಿ ಓಡಿಸಿ ಕಾದ ಮೇಲೆ ಇನ್ನೊಮ್ಮೆ. ಬೆಳಗಿನದನ್ನು ಬಹಳ ಜನ ನೋಡುತ್ತಾರೆ. ಎರಡನೆಯದನ್ನು ಬಿಟ್ಟುಬಿಡುತ್ತಾರೆ, ನಮ್ಮ ಕಡೆಯ ಬಿಸಿಲಲ್ಲಿ ಕಳ್ಳ ಸಿಕ್ಕಿಬೀಳುವುದು ಅಲ್ಲೇ.

ಮೊದಲು ಮಾತುಗಳನ್ನು ಬಿಡಿಸಿಕೊಳ್ಳೋಣ

ಮೆಕ್ಯಾನಿಕ್‌ಗಳು "ನಾಜಲ್" ಅನ್ನುವುದು ಇಂಜೆಕ್ಟರನ್ನೇ, ಅಂದರೆ ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ಭಾಗವನ್ನೇ. ನಿಜಕ್ಕೂ ನಾಜಲ್ ಎಂದರೆ ಅದರ ತುದಿಯ ಭಾಗ ಮಾತ್ರ, ಆದರೆ ಅಂಗಡಿಯಲ್ಲಿ ಅಷ್ಟು ಲೆಕ್ಕ ಯಾರೂ ಇಡುವುದಿಲ್ಲ. ಟ್ಯಾಂಕಿನಿಂದ ಬಂದ ಡೀಸೆಲ್ ಫಿಲ್ಟರ್ ದಾಟಿ ಹೈ ಪ್ರೆಷರ್ ಪಂಪಿಗೆ ಹೋಗುತ್ತದೆ. ಪಂಪು ಅದನ್ನು ಒತ್ತಿ ಒಂದು ದಪ್ಪ ಪೈಪಿಗೆ ತುಂಬುತ್ತದೆ, ಇದೇ ಕಾಮನ್ ರೇಲ್. ಅಲ್ಲಿಂದ ಪ್ರತಿ ಸಿಲಿಂಡರಿಗೆ ಒಂದರಂತೆ ಇಂಜೆಕ್ಟರ್ ಇರುತ್ತದೆ. ಎಷ್ಟು ಡೀಸೆಲ್, ಯಾವಾಗ ಸಿಂಪಡಿಸಬೇಕು ಎಂದು ಹೇಳುವುದು ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್. ಒತ್ತಡ ಸಾಮಾನ್ಯದ್ದಲ್ಲ. ಸ್ವಿಫ್ಟ್, ಡಿಜೈರ್, ವಿಸ್ಟಾ, ಪುಂಟೊ ಎಲ್ಲದರಲ್ಲೂ ಬಂದ ಆ 1248 ಸಿಸಿ ಫಿಯಟ್ ಇಂಜಿನ್ನಿನಲ್ಲೇ ಸುಮಾರು 1600 ಬಾರ್‌ವರೆಗೆ ಹೋಗುತ್ತದೆ. ನಿಮ್ಮ ಟೈರಿನಲ್ಲಿ ಇರುವುದು ಎರಡು ಬಾರ್ ಚಿಲ್ಲರೆ.

ಇಷ್ಟು ಒತ್ತಡ ತಡೆಯಲು ಇಂಜೆಕ್ಟರ್ ಒಳಗಿನ ಭಾಗಗಳನ್ನು ಒಂದೆರಡು ಮೈಕ್ರಾನ್ ಸಂದು ಇರುವಂತೆ ಕೂರಿಸಿರುತ್ತಾರೆ. ಕಣ್ಣಿಗೆ ಕಾಣದ ಧೂಳು, ಒಂದು ಹನಿ ನೀರು ಸಾಕು ಅದನ್ನು ಕೆಡಿಸಲು. ಹೊಲದ ಪಂಪ್‌ಸೆಟ್ಟಿಗೆಂದು ಕ್ಯಾನಿನಲ್ಲಿ ತುಂಬಿಟ್ಟ ಡೀಸೆಲನ್ನೇ ಕಾರಿಗೂ ಸುರಿದರೆ ಏನಾಗುತ್ತದೆ ಎಂದು ಈಗ ಅಂದಾಜು ಸಿಕ್ಕಿತಲ್ವಾ.

ಇನ್ನೊಂದು ಮಾತು. ಹಳೇ ಇಂಡಿಕಾ, ಹಳೇ ಬೊಲೆರೊ ತರಹದ, ಕಾಮನ್ ರೇಲ್ ಇಲ್ಲದ ಮೆಕ್ಯಾನಿಕಲ್ ಪಂಪಿನ ಗಾಡಿಗಳ ಕಥೆಯೇ ಬೇರೆ. ಅವುಗಳ ನಾಜಲ್ ಕೆಲಸ ನಿಜಕ್ಕೂ ಅಗ್ಗ. "ನಾಜಲ್ ಕ್ಲೀನ್ ಮಾಡಿಸಿದರೆ ಮುಗೀತು" ಅನ್ನುವ ಮಾತು ಹುಟ್ಟಿದ್ದೇ ಆ ಕಾಲದಲ್ಲಿ. ಕಾಮನ್ ರೇಲ್ ಗಾಡಿಗೆ ಆ ಮಾತು ಹೊಂದುವುದಿಲ್ಲ.

ಏನೇನು ಬೇಕು

ಒಂದು ಟಾರ್ಚ್, ಒಂದಿಷ್ಟು ಬಿಳಿ ಟಿಶ್ಯೂ ಪೇಪರ್, ಫೋನಿಗೆ ಬ್ಲೂಟೂತ್‌ನಲ್ಲಿ ಜೋಡಿಸುವ ಓಬಿಡಿ ಸ್ಕ್ಯಾನರ್, ಮತ್ತು ಅರ್ಧ ದಿನ. ಓಬಿಡಿ ಎಂದರೆ ಸ್ಟೀರಿಂಗ್ ಕೆಳಗಿರುವ ಪ್ಲಗ್ಗು, ಇಸಿಯು ಬರೆದಿಟ್ಟ ದೂರುಗಳನ್ನು ಅದರಿಂದ ಓದಬಹುದು. ಚಿಕ್ಕ ಸ್ಕ್ಯಾನರ್ ಆನ್‌ಲೈನಿನಲ್ಲಿ ಕಡಿಮೆ ಬೆಲೆಗೇ ಸಿಗುತ್ತದೆ. ಮೂಲ ಕೆಲಸಕ್ಕೆ ಅದು ಸಾಕು.

ಇದಕ್ಕಿಂತ ಮುಖ್ಯ, ಒಂದು ಒಳ್ಳೇ ಡೀಸೆಲ್ ಪಂಪ್ ಅಂಗಡಿ, ಅಂದರೆ ಇಂಜಿನ್ನಿನ ಪಂಪು, ಇಂಜೆಕ್ಟರ್ ರಿಪೇರಿ ಮಾಡುವ ಅಂಗಡಿ. ಲಾರಿ, ಟ್ರ್ಯಾಕ್ಟರ್, ಭತ್ತ ಕೊಯ್ಯುವ ಮಷೀನು ತುಂಬಿರುವ ಸೀಮೆ ನಮ್ಮದು. ಹಾಗಾಗಿ ಬಳ್ಳಾರಿ, ಹೊಸಪೇಟೆ, ಗಂಗಾವತಿ, ಸಿಂಧನೂರು, ರಾಯಚೂರು ಕಡೆಯವರಿಗೆ ಪಂಪ್ ಕೆಲಸದವರನ್ನು ಹುಡುಕಲು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಆದರೆ ಫೋನ್ ಮಾಡಿ ಒಂದು ಪ್ರಶ್ನೆ ಕೇಳಿ: "ನಿಮ್ಮಲ್ಲಿ ಕಾಮನ್ ರೇಲ್ ಇಂಜೆಕ್ಟರ್ ಟೆಸ್ಟ್ ಬೆಂಚ್ ಇದೆಯಾ?" ಬಿಚ್ಚಿದ ಇಂಜೆಕ್ಟರ್ ಕೂರಿಸಿ ಪರೀಕ್ಷೆ ಮಾಡುವ ಯಂತ್ರ ಅದು. ಕೆಲವರ ಹತ್ತಿರ ಹಳೇ ಮೆಕ್ಯಾನಿಕಲ್ ಪಂಪಿನ ಬೆಂಚ್ ಮಾತ್ರ ಇರುತ್ತದೆ. ಅವರೂ ಒಳ್ಳೇ ಕೆಲಸಗಾರರೇ, ಆದರೆ ನಿಮ್ಮ ಗಾಡಿಗೆ ಅವರು ಆಗುವುದಿಲ್ಲ.

ಅದೇ ಫೋನಿನಲ್ಲಿ ಮೂರು ರೇಟು ಕೇಳಿ ಬರೆದುಕೊಳ್ಳಿ. ನೀವು ನೋಡುವ ಮಾಡೆಲಿಗೆ ಹೊಸ ಇಂಜೆಕ್ಟರ್ ಒಂದಕ್ಕೆ ಎಷ್ಟು, ರಿಪೇರಿ ಮಾಡಿದ್ದಕ್ಕೆ ಎಷ್ಟು, ಬಿಚ್ಚಿ ಟೆಸ್ಟ್ ಮಾಡಿ ಕೂರಿಸಲು ಎಷ್ಟು. ಈ ಚೀಟಿ ಜೇಬಿನಲ್ಲಿ ಇಲ್ಲದೆ ಚೌಕಾಸಿಗೆ ಕೂರಬೇಡಿ.

1. ಫೋನಿನಲ್ಲೇ ಅರ್ಧ ಕೆಲಸ ಮುಗಿಸಿ

ಮಾರುವವರಿಗೆ ಕೇಳಿ: ಯಾವ ವರ್ಷದ ಗಾಡಿ, ಎಷ್ಟನೇ ಓನರ್, ಡೀಸೆಲ್ ಫಿಲ್ಟರ್ ಕೊನೆಗೆ ಯಾವಾಗ ಬದಲಾಯಿತು, ಇಂಜೆಕ್ಟರ್ ಹಿಂದೆ ಬಿಚ್ಚಿದ್ದಾರಾ, ಬಿಲ್ ಇದೆಯಾ. ಬಿಲ್ ಇಲ್ಲದ "ಮೊನ್ನೆ ತಾನೇ ಮಾಡ್ಸೀನ್ರಿ" ಮಾತಿಗೆ ಬೆಲೆ ಕಟ್ಟಬೇಡಿ.

ಆಮೇಲೆ ಇದನ್ನು ಬಿಡಿಸಿ ಹೇಳಿ: "ಬೆಳಿಗ್ಗೆ ಏಳಕ್ಕೆ ಬರ್ತೀನಿ, ನಾನು ಬರೋವರೆಗೂ ಗಾಡಿ ಸ್ಟಾರ್ಟ್ ಮಾಡಬೇಡಿ." ಒಪ್ಪದವರು ಇದ್ದಾರೆ. "ಅಂಗಡಿ ತೆರೆಯೋದೇ ಹತ್ತಕ್ಕೆ" ಎನ್ನುವ ಡೀಲರ್ ಇದ್ದರೆ ಹತ್ತಕ್ಕೇ ಹೋಗಿ, ಆದರೆ ಇಂಜಿನ್ ತಣ್ಣಗಿರಬೇಕು ಎನ್ನುವ ಷರತ್ತು ಬಿಡಬೇಡಿ.

2. ಕಾಗದ

ಕಾಗದ ಸರಿ ಇಲ್ಲದಿದ್ದರೆ ಇಂಜೆಕ್ಟರ್ ನೋಡುವ ತಾಪತ್ರಯವೇ ಬೇಡ, ಅದಕ್ಕೇ ಮೊದಲು ಇದು. ಪರಿವಾಹನ್ ಜಾಲತಾಣದಲ್ಲಿ ಅಥವಾ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ರಿಜಿಸ್ಟ್ರೇಷನ್, ಇನ್ಶೂರೆನ್ಸ್, ಹೊಗೆ ಪರೀಕ್ಷೆ ಇವುಗಳ ಅವಧಿ ತಿಳಿಯುತ್ತದೆ. ಬಾಕಿ ಚಲನ್ ಇದೆಯಾ ನೋಡಿ. ಆರ್‌ಸಿಯಲ್ಲಿ ಬ್ಯಾಂಕಿನ ಅಥವಾ ಫೈನಾನ್ಸಿನ ಹೆಸರಿದ್ದರೆ ಸಾಲ ತೀರಿದ ಎನ್‌ಒಸಿ ಮತ್ತು ಫಾರಂ 35 ಇಲ್ಲದೆ ಮುಂದೆ ಹೋಗಬೇಡಿ.

ನಮ್ಮ ಮೂರೂ ಜಿಲ್ಲೆಗೆ ಒಂದು ಖಾಸಾ ತೊಂದರೆ ಇದೆ, ಗಡಿ. ಕೆಎ 34, 35, 36, 37 ನಂಬರಿನ ಗಾಡಿಯಾದರೆ ಸರಳ. ಆದರೆ ಆದೋನಿ, ಗುಂತಕಲ್ಲು, ರಾಯದುರ್ಗ, ಗದ್ವಾಲ್ ಕಡೆಯಿಂದ ಬಂದ ಆಂಧ್ರ, ತೆಲಂಗಾಣ ಗಾಡಿಗಳು ಇಲ್ಲಿ ಕಡಿಮೆ ರೇಟಿಗೆ ಸಿಗುತ್ತವೆ. ಅದಕ್ಕೆ ಆ ರಾಜ್ಯದ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಫಾರಂ 28 ಬೇಕು. ಮೇಲೆ ಕರ್ನಾಟಕದ ಲೈಫ್ ಟೈಮ್ ಟ್ಯಾಕ್ಸ್ ಕಟ್ಟಬೇಕು. ಆ ಮೊತ್ತವನ್ನು ಆರ್‌ಟಿಒದಲ್ಲಿ ಮೊದಲೇ ಕೇಳಿಕೊಂಡು ಗಾಡಿ ಬೆಲೆಗೆ ಸೇರಿಸಿ ಲೆಕ್ಕ ಹಾಕಿ, ಆಗ "ಅಗ್ಗ" ಎಷ್ಟು ಉಳಿಯುತ್ತದೆ ನೋಡಿ.

ದೆಹಲಿ ಗಾಡಿಗಳದ್ದೂ ಇದೇ ಲೆಕ್ಕ. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಎಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಆದೇಶ ಮಾಡಿತು. ಅಲ್ಲಿಂದ ಮುಂದೆ ಆ ಕಡೆಯ ಗಾಡಿಗಳು ದಕ್ಷಿಣಕ್ಕೂ ಬರತೊಡಗಿದವು. ಎಲ್ಲವೂ ಕೆಟ್ಟವು ಎಂದು ನಾನು ಹೇಳುವುದಿಲ್ಲ. ಆದರೆ ಖಾಸಗಿ ಗಾಡಿಯ ರಿಜಿಸ್ಟ್ರೇಷನ್ 15 ವರ್ಷಕ್ಕೆ ಮುಗಿಯುತ್ತದೆ, ಹನ್ನೊಂದು ವರ್ಷದ ಗಾಡಿ ತಂದರೆ ನಿಮಗೆ ಉಳಿಯುವುದು ನಾಲ್ಕೇ, ಆಮೇಲೆ ಎಫ್‌ಸಿ ಮಾಡಿಸಿ ಐದು ವರ್ಷಕ್ಕೆ ನವೀಕರಣ.

3. ಬೆಳಗಿನ ಸ್ಟಾರ್ಟ್

ಹೋದ ತಕ್ಷಣ ಬಾನೆಟ್ ಎತ್ತಿ ಇಂಜಿನ್ ಹತ್ತಿರ ಕೈ ಹಿಡಿಯಿರಿ. ಬೆಚ್ಚಗಿದ್ದರೆ ಯಾರೋ ಆಗಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ಜಗಳ ಬೇಡ, "ನಾಳೆ ಬರ್ತೀನಿ" ಎಂದು ವಾಪಸ್ ಬನ್ನಿ.

ತಣ್ಣಗಿದೆಯಾ? ಈಗ ಕೀ ಅರ್ಧ ತಿರುಗಿಸಿ ಮೀಟರ್ ನೋಡಿ. ಚೆಕ್ ಇಂಜಿನ್ ಲೈಟ್ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತಲೇ ಇಲ್ಲ ಎಂದರೆ ಖುಷಿ ಪಡಬೇಡಿ. ಬಲ್ಬ್ ಕಿತ್ತು ಹಾಕಿರಬಹುದು ಅಥವಾ ಮುಚ್ಚಿರಬಹುದು. ಸುರುಳಿ ಆಕಾರದ ದೀಪ ಗ್ಲೋ ಪ್ಲಗ್‌ನದು. ಗ್ಲೋ ಪ್ಲಗ್ ಎಂದರೆ ಸಿಲಿಂಡರ್ ಒಳಗನ್ನು ಮೊದಲೇ ಬಿಸಿ ಮಾಡುವ ಕಡ್ಡಿ. ಅದು ಆರಿದ ಮೇಲೆ ಸ್ಟಾರ್ಟ್ ಮಾಡಿ.

ಒಳ್ಳೇ ಇಂಜಿನ್ ಒಂದೆರಡು ಸೆಕೆಂಡಿನಲ್ಲಿ ಹಿಡಿಯುತ್ತದೆ. ನಾಲ್ಕೈದು ಸೆಕೆಂಡ್ ಕರ ಕರ ಎನ್ನಿಸಿದರೆ ಬರೆದುಕೊಳ್ಳಿ. ಹಿಡಿದ ಮೇಲೆ ಒಬ್ಬರು ಒಳಗೆ ಕೂರಲಿ, ನೀವು ಸೈಲೆನ್ಸರ್ ಹಿಂದೆ ನಿಲ್ಲಿ.

ಬಿಳಿ ಹೊಗೆ ಬಂದು ಕಣ್ಣು ಉರಿದು ಡೀಸೆಲ್ ವಾಸನೆ ಹೊಡೆದರೆ, ಸುಡದ ಡೀಸೆಲ್ ಹೊರಗೆ ಬರುತ್ತಿದೆ. ಇಂಜೆಕ್ಟರ್ ಸೋರುತ್ತಿರಬಹುದು, ಗ್ಲೋ ಪ್ಲಗ್ ಹೋಗಿರಬಹುದು, ಕಂಪ್ರೆಷನ್ ಕಮ್ಮಿ ಇರಬಹುದು. ಬಿಳಿ ಹೊಗೆ ನಿಲ್ಲದೆ ಬರುತ್ತಾ ಸಿಹಿ ವಾಸನೆ ಇದ್ದರೆ ಅದು ಕೂಲೆಂಟ್, ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗಿನ ಸೀಲ್, ಅದರ ಕಡೆಯ ದೊಡ್ಡ ಕೆಲಸ. ನೀಲಿ ಹೊಗೆ ಆಯಿಲ್ ಸುಡುತ್ತಿದೆ ಎಂಬುದಕ್ಕೆ ಗುರುತು. ನಿಂತಲ್ಲೇ ಕಪ್ಪು ಹೊಗೆ ಬರುತ್ತಿದ್ದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಮ್ಮಿ. ಈ ಕೊನೆಯದಕ್ಕೆ ಕಾರಣ ಬಹಳ ಸಲ ಬರೀ ಏರ್ ಫಿಲ್ಟರ್. ಸಂಡೂರು, ತೋರಣಗಲ್ಲು ರಸ್ತೆಯಲ್ಲಿ ಅದಿರಿನ ಲಾರಿಗಳ ಹಿಂದೆ ಓಡಿದ ಗಾಡಿಯ ಫಿಲ್ಟರ್ ಬಿಚ್ಚಿ ನೋಡಿ, ಒಳಗೆ ಅರ್ಧ ಗಣಿಯೇ ಇರುತ್ತದೆ.

ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ, ಆರ್‌ಪಿಎಂ ಮುಳ್ಳು ಏರಿಳಿಯಬಾರದು, ಗಾಡಿ ಕುಲುಕಬಾರದು. ಡೀಸೆಲ್ ಇಂಜಿನ್ ಸದ್ದು ಮಾಡುವುದು ಸಹಜ, ಆದರೆ ಲಯ ಸಮ ಇರಬೇಕು. ನಾಲ್ಕರಲ್ಲಿ ಒಂದು ಏಟು ಮಾತ್ರ ಗಟ್ಟಿಯಾಗಿ ಸುತ್ತಿಗೆ ಹೊಡೆದಂತೆ ಕೇಳಿದರೆ ಆ ಸಿಲಿಂಡರಿನ ಇಂಜೆಕ್ಟರ್ ಮೇಲೆ ಅನುಮಾನ ಪಡಿ. ಹಾಗೇ ಬಿಟ್ಟು ಓಡಿಸಿದರೆ ಜಾಸ್ತಿ ಡೀಸೆಲ್ ಬಿದ್ದು ಪಿಸ್ಟನ್ನೇ ತೂತಾಗುವುದುಂಟು.

ಒಂದು ಎಚ್ಚರಿಕೆ: ಏಪ್ರಿಲ್, ಮೇ ತಿಂಗಳಲ್ಲಿ ಬೆಳಗಿನ ಪರೀಕ್ಷೆ ಪಾಸಾಯಿತು ಎಂದು ಗ್ಲೋ ಪ್ಲಗ್ ಚೆನ್ನಾಗಿದೆ ಎಂದುಕೊಳ್ಳಬೇಡಿ. ರಾಯಚೂರಿನ ಬೇಸಿಗೆಯಲ್ಲಿ ಗ್ಲೋ ಪ್ಲಗ್ ಇಲ್ಲದೆಯೂ ಇಂಜಿನ್ ಹಿಡಿಯುತ್ತದೆ. ಡಿಸೆಂಬರಿನಲ್ಲಿ ಬಣ್ಣ ಬಯಲಾಗುತ್ತದೆ.

4. ಬಾನೆಟ್ ಒಳಗೆ

ಪ್ಲಾಸ್ಟಿಕ್ ಮುಚ್ಚಳ ತೆಗೆದು ಟಾರ್ಚ್ ಹಾಕಿ ಇಂಜೆಕ್ಟರ್ ಬುಡ ನೋಡಿ. ಅಲ್ಲಿ ಡಾಂಬರಿನಂತೆ ಕಪ್ಪಗೆ ಗಟ್ಟಿ ಕಟ್ಟಿದ್ದರೆ, ಜೊತೆಗೆ ಚುಸ್ ಚುಸ್ ಎಂದು ಗಾಳಿ ಬಿಡುವ ಸದ್ದಿದ್ದರೆ, ಕೆಳಗಿನ ತಾಮ್ರದ ವಾಷರ್ ಹೋಗಿದೆ. ವಾಷರ್ ಬೆಲೆ ಪುಡಿಗಾಸು. ಆದರೆ ಆ ಕಪ್ಪು ಗಟ್ಟಿಯಾಗಿ ಇಂಜೆಕ್ಟರ್ ಹೆಡ್ಡಿನಲ್ಲೇ ಕಚ್ಚಿಕೊಂಡಿರುತ್ತದೆ. ಕೀಳುವಾಗ ಅದು ಮುರಿಯಬಹುದು, ಆಗ ಹೆಡ್ ಇಳಿಸಬೇಕಾಗುತ್ತದೆ. ಹಾಗಾಗಿ "ಬರೀ ವಾಷರ್" ಎನ್ನುವ ಮಾತನ್ನು ಪೂರ್ತಿ ನಂಬಬೇಡಿ.

ಆಯಿಲ್ ಡಿಪ್‌ಸ್ಟಿಕ್ ತೆಗೆದು ಬಿಳಿ ಟಿಶ್ಯೂ ಮೇಲೆ ಒರೆಸಿ. ಮಟ್ಟ ಮೇಲಿನ ಗೆರೆ ದಾಟಿದೆಯಾ? ಆಯಿಲ್ ನೀರಿನಂತೆ ತೆಳ್ಳಗಿದೆಯಾ? ಡೀಸೆಲ್ ವಾಸನೆ ಬರುತ್ತದಾ? ಹಾಗಿದ್ದರೆ ಡೀಸೆಲ್ ಆಯಿಲಿಗೆ ಸೇರುತ್ತಿದೆ. ಬೇರಿಂಗ್, ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಎಲ್ಲ ಆ ತೆಳು ಆಯಿಲಿನಲ್ಲೇ ಸವೆದಿರುತ್ತವೆ. 2020ರ ಏಪ್ರಿಲ್ ನಂತರದ, ಹೊಗೆ ಮಿತಿಯ ಬಿಎಸ್6 ನಿಯಮಕ್ಕೆ ಒಳಪಟ್ಟ ಗಾಡಿಗಳಲ್ಲಿ ಹೊಗೆ ಸೋಸುವ ಡಿಪಿಎಫ್ ಇರುತ್ತದೆ. ಅದನ್ನು ಸುಟ್ಟು ಶುದ್ಧ ಮಾಡಲು ಇಸಿಯು ತಾನೇ ಹೆಚ್ಚು ಡೀಸೆಲ್ ಬಿಡುತ್ತದೆ, ಊರೊಳಗೇ ಓಡಿದ ಗಾಡಿಯಲ್ಲಿ ಅದರಿಂದಲೂ ಆಯಿಲ್ ಮಟ್ಟ ಏರಬಹುದು. ಅಲ್ಲಿ ಇಂಜೆಕ್ಟರಿನದೇ ತಪ್ಪು ಎಂದು ತಕ್ಷಣ ಹೇಳಲಾಗದು.

ಇಂಜೆಕ್ಟರ್ ತಲೆಯ ಮೇಲೆ ಅಕ್ಷರ, ಅಂಕಿ ಕೆತ್ತಿರುತ್ತಾರೆ. ಫೋಟೊ ತೆಗೆದುಕೊಳ್ಳಿ, ಮುಂದೆ ಬೇಕಾಗುತ್ತದೆ. ಮೂರು ಹಳೆಯದು ಒಂದು ಹೊಸದು ಕಂಡರೆ ಯಾವಾಗ, ಯಾಕೆ ಬದಲಿಸಿದರು ಎಂದು ಕೇಳಿ. ಕನೆಕ್ಟರಿಗೆ ಟೇಪ್ ಸುತ್ತಿದ್ದರೆ ವೈರ್ ಇಲಿ ಕಡಿದಿದೆಯೇನೋ, ಅದು ಸಣ್ಣ ಖರ್ಚು, ನಿಮಗೆ ಲಾಭ.

ಮತ್ತೆ, ಬಳ್ಳಾರಿಯಲ್ಲಿ ಓಡಿದ ಗಾಡಿ ಎನ್ನುತ್ತಾರೆ, ಬಾನೆಟ್ ಒಳಗೆ ಒಂದು ಚೂರೂ ಕೆಂಪು ಧೂಳಿಲ್ಲ, ಫಳ ಫಳ ಹೊಳೆಯುತ್ತಿದೆ. ಇದು ಶುಚಿತ್ವದ ಗುರುತು ಅಂತ ನನಗನ್ನಿಸುವುದಿಲ್ಲ. ಸೋರಿಕೆ ತೊಳೆದಿರಬಹುದು.

ಜೀವದ ಎಚ್ಚರಿಕೆ: ಇಂಜಿನ್ ಓಡುವಾಗ ರೇಲ್ ಪೈಪಿನ ಹತ್ತಿರ ಕೈ ಒಯ್ಯಬೇಡಿ. ಕೂದಲೆಳೆ ಸೋರಿಕೆಯೂ ಆ ಒತ್ತಡದಲ್ಲಿ ಚರ್ಮ ಸೀಳಿ ಒಳಗೆ ಡೀಸೆಲ್ ನುಗ್ಗಿಸುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಆದರೆ ಕೂಡಲೇ ಆಪರೇಷನ್ ಬೇಕಾಗುವ ಗಾಯ ಅದು. ಹಳೇ ಮಿಸ್ತ್ರಿಗಳು ನಟ್ಟು ಸಡಿಲಿಸಿ "ಯಾವ ಸಿಲಿಂಡರ್ ಸತ್ತಿದೆ" ಎಂದು ನೋಡುತ್ತಿದ್ದರಲ್ಲ, ಕಾಮನ್ ರೇಲ್ ಗಾಡಿಯಲ್ಲಿ ಅದನ್ನು ಮಾಡಲು ಬಿಡಲೇಬೇಡಿ. ಓಡುವ ಇಂಜಿನ್ನಿನಲ್ಲಿ ಇಂಜೆಕ್ಟರಿನ ಕನೆಕ್ಟರ್ ಕೀಳುವುದೂ ಬೇಡ. ಕೆಲವು ಬಗೆಯ ಇಂಜೆಕ್ಟರ್‌ಗಳು ಹಾಗೆ ಕಿತ್ತರೆ ತೆರೆದೇ ಉಳಿಯುತ್ತವೆ.

5. ಸ್ಕ್ಯಾನರ್

ಪ್ಲಗ್ ಮಾಡಿ ಕೋಡ್ ಓದಿ. ಪಿ0201ರಿಂದ ಪಿ0204ರವರೆಗಿನ ಕೋಡ್ ಬಂದರೆ ಒಂದರಿಂದ ನಾಲ್ಕರವರೆಗಿನ ಇಂಜೆಕ್ಟರಿನ ವಿದ್ಯುತ್ ಸರ್ಕ್ಯೂಟಿನ ದೂರು. ವೈರ್ ಇರಬಹುದು, ಇಂಜೆಕ್ಟರ್ ಕಾಯಿಲ್ ಇರಬಹುದು. ಪಿ0087 ಎಂದರೆ ರೇಲ್ ಒತ್ತಡ ಸಾಲುತ್ತಿಲ್ಲ. ಇದಕ್ಕೆ ಕಟ್ಟಿದ ಫಿಲ್ಟರಿನಿಂದ ಹಿಡಿದು ಸವೆದ ಪಂಪಿನವರೆಗೆ ಕಾರಣ ಹತ್ತಾರು, ಇಂಜೆಕ್ಟರ್ ಅದರಲ್ಲಿ ಒಂದು. ಕೋಡ್ ನೋಡಿದ ಕೂಡಲೇ "ಇಂಜೆಕ್ಟರ್ ಹೋಗಿದೆ" ಎನ್ನುವವರು ಸುಮ್ನೆ ಊಹೆ ಮಾಡುತ್ತಿದ್ದಾರೆ.

ಕೋಡೇ ಇಲ್ಲವಾ? "ಕೋಡ್ ಅಳಿಸಿದ ಮೇಲೆ ಓಡಿದ ದೂರ" ಎಂಬ ಸಾಲು ಬಹಳ ಆ್ಯಪ್‌ಗಳಲ್ಲಿ ಇರುತ್ತದೆ. ಅದು 4 ಕಿ.ಮೀ. ತೋರಿಸಿದರೆ ನೀವು ಬರುವ ಮುಂಚೆ ಯಾರೋ ಒರೆಸಿದ್ದಾರೆ.

ಲೈವ್ ಡೇಟಾದಲ್ಲಿ ರೇಲ್ ಪ್ರೆಷರ್ ನೋಡಿ. ಐಡಲ್‌ನಲ್ಲಿ ಸುಮಾರು 250ರಿಂದ 350 ಬಾರ್ ಆಸುಪಾಸು ಸ್ಥಿರವಾಗಿ ನಿಲ್ಲಬೇಕು, ಮಾಡೆಲಿಗೆ ತಕ್ಕಂತೆ ಸ್ವಲ್ಪ ಆಚೀಚೆ. ಕೆಲವು ಆ್ಯಪ್‌ಗಳು ಕಿಲೋಪ್ಯಾಸ್ಕಲ್‌ನಲ್ಲಿ ತೋರಿಸುತ್ತವೆ, ಅದನ್ನು ನೂರರಿಂದ ಭಾಗಿಸಿದರೆ ಬಾರ್. ಅಂಕಿಗಿಂತ ಸ್ಥಿರತೆ ಮುಖ್ಯ. ಕುಣಿಯುತ್ತಿದ್ದರೆ ಅನುಮಾನ.

ಇಂಜೆಕ್ಟರ್ ಕರೆಕ್ಷನ್ ಎನ್ನುವ ಇನ್ನೊಂದು ಲೆಕ್ಕವಿದೆ. ಒಂದು ಸಿಲಿಂಡರ್ ಸೋತಾಗ ಇಸಿಯು ಅದಕ್ಕೆ ಸ್ವಲ್ಪ ಹೆಚ್ಚು ಡೀಸೆಲ್ ಕೊಟ್ಟು ಸರಿದೂಗಿಸುತ್ತದೆ, ಎಷ್ಟು ಕೊಟ್ಟೆ ಎಂದು ಬರೆದಿಡುತ್ತದೆ. ನಾಲ್ಕೂ ಸೊನ್ನೆಯ ಹತ್ತಿರ ಇದ್ದರೆ ಚೆಂದ. ಒಂದು ಮಾತ್ರ ಗುಂಪು ಬಿಟ್ಟು ದೂರ ಹೋಗಿದ್ದರೆ ಆ ಸಿಲಿಂಡರನ್ನು ಗುರುತು ಹಾಕಿಕೊಳ್ಳಿ. ಅಗ್ಗದ ಸ್ಕ್ಯಾನರಿಗೆ ಇದು ಹೆಚ್ಚಾಗಿ ಸಿಗುವುದಿಲ್ಲ, ದೊಡ್ಡ ಸ್ಕ್ಯಾನರ್ ಇರುವ ಗ್ಯಾರೇಜಿಗೇ ಹೋಗಬೇಕು.

6. ಓಡಿಸಿ, ಕಾಯಿಸಿ, ಚಹಾ ಕುಡಿಯಿರಿ

ಊರೊಳಗೆ ಎರಡು ಸುತ್ತು ಹಾಕಿ ಬಂದರೆ ಏನೂ ಗೊತ್ತಾಗುವುದಿಲ್ಲ. ಬಳ್ಳಾರಿಯವರು ಹೊಸಪೇಟೆ ರಸ್ತೆಗೆ, ಕೊಪ್ಪಳದವರು ಗದಗ ರಸ್ತೆಗೆ, ರಾಯಚೂರಿನವರು ಲಿಂಗಸುಗೂರು ಕಡೆಗೆ ತಿರುಗಿಸಿ. ಕಡಿಮೆ ಎಂದರೂ 30 ಕಿಲೋಮೀಟರ್. ಎಸಿ ಹಾಕಿ, ಮೂರು ನಾಲ್ಕು ಜನ ಕೂತು ಹೋಗಿ, ಭಾರ ಬಿದ್ದಾಗಲೇ ಬಣ್ಣ ತಿಳಿಯುವುದು.

ಮೂರನೇ ಗೇರಿನಲ್ಲಿ 1500 ಆರ್‌ಪಿಎಂನಿಂದ 3500ರವರೆಗೆ ಪೂರ್ತಿ ಒತ್ತಿ. ಎಳೆತ ಒಂದೇ ಸಮನೆ ಏರಬೇಕು. ನಡುವೆ ಎಳೆದು ಬಿಟ್ಟಂತೆ ಆಗುವುದು, ಇದ್ದಕ್ಕಿದ್ದಂತೆ ಶಕ್ತಿ ಹೋಗಿ 2500 ದಾಟದೆ ನಿಲ್ಲುವುದು ಕೆಟ್ಟ ಸೂಚನೆ. ಈ ಎರಡನೆಯದಕ್ಕೆ ಲಿಂಪ್ ಮೋಡ್ ಎನ್ನುತ್ತಾರೆ, ಇಂಜಿನ್ ಉಳಿಸಲು ಇಸಿಯು ತಾನೇ ಬಿಗಿ ಹಿಡಿದಿರುತ್ತದೆ. ಆದರೆ ಟರ್ಬೊ ಪೈಪ್ ಹರಿದರೂ, ಇಜಿಆರ್ ಕಟ್ಟಿಕೊಂಡರೂ ಹೀಗೇ ಆಗುತ್ತದೆ. ಇಜಿಆರ್ ಎಂದರೆ ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೇ ಕಳಿಸುವ ವಾಲ್ವ್. ಜೋರಾಗಿ ಒತ್ತಿದಾಗ ಒಂದು ಕ್ಷಣ ಕಪ್ಪು ಹೊಗೆ ಬಂದರೆ ಹಳೇ ಡೀಸೆಲಿಗೆ ಮಾಫಿ. ಕನ್ನಡಿಯಲ್ಲಿ ಹಿಂದಿನ ಬೈಕ್ ಸವಾರ ಕಾಣದಷ್ಟು ಬಂದರೆ ಇಲ್ಲ.

ಈಗ ಮುಖ್ಯ ಘಟ್ಟ. ಗಾಡಿ ಚೆನ್ನಾಗಿ ಕಾದಿದೆ. ಯಾವುದಾದರೂ ಹೋಟೆಲ್ ಮುಂದೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಮಿರ್ಚಿ ಮಂಡಕ್ಕಿ ತಿಂದು ಚಹಾ ಕುಡಿಯಿರಿ. ಹದಿನೈದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ.

ಇಂಜೆಕ್ಟರಿಗೆ ಬಂದ ಡೀಸೆಲ್ಲಿನಲ್ಲಿ ಸ್ವಲ್ಪ ಭಾಗ ಒಳಗಿನಿಂದಲೇ ಟ್ಯಾಂಕಿಗೆ ವಾಪಸ್ ಹೋಗುತ್ತದೆ, ಅದಕ್ಕೆ ರಿಟರ್ನ್ ಎನ್ನುತ್ತಾರೆ. ಸವೆದ ಇಂಜೆಕ್ಟರಿನಲ್ಲಿ ಈ ರಿಟರ್ನ್ ಜಾಸ್ತಿ. ಡೀಸೆಲ್ ಕಾದಂತೆ ತೆಳ್ಳಗಾಗುತ್ತದೆ, ಸವೆದ ಸಂದಿನಲ್ಲಿ ಇನ್ನೂ ಸಲೀಸಾಗಿ ಜಾರುತ್ತದೆ. ಸ್ಟಾರ್ಟರ್ ತಿರುಗಿಸುವಾಗ ಪಂಪು ನಿಧಾನ ಇರುತ್ತದೆ, ತುಂಬಿದ್ದೆಲ್ಲ ವಾಪಸ್ ಹೋಗುತ್ತದೆ. ಇಂಜಿನ್ ಹಿಡಿಯಲು ರೇಲಿನಲ್ಲಿ ಸುಮಾರು 200 ಬಾರ್ ಆದರೂ ಬೇಕು, ಅದು ಕಟ್ಟುವುದೇ ಇಲ್ಲ. ಬೆಳಿಗ್ಗೆ ಒಂದೇ ಏಟಿಗೆ ಹಿಡಿದ ಗಾಡಿ ಮಧ್ಯಾಹ್ನ ಬಿಸಿಯಲ್ಲಿ ಹತ್ತು ಸೆಕೆಂಡ್ ತಿರುಗಿಸಿದರೂ ಹಿಡಿಯದಿರುವುದು ಇದಕ್ಕೇ. ನಾನು ಮೊದಲ ಸಲ ಗಾಡಿ ತೆಗೆದುಕೊಂಡಾಗ ಬೆಳಿಗ್ಗೆ ನೋಡಿ ಒಪ್ಪಿದ್ದೆ, ಮನೆಗೆ ಬರುವ ದಾರಿಯಲ್ಲಿ ಸಿರುಗುಪ್ಪದಲ್ಲಿ ನಿಲ್ಲಿಸಿದವನು ಮೂರು ತಾಸು ಅಲ್ಲೇ ಕೂತಿದ್ದೆ.

ಕೆಲವರು ಬಾನೆಟ್ ಎತ್ತಿ ಪಂಪಿನ ಮೇಲೆ ನೀರು ಹಾಕಿ ಸ್ಟಾರ್ಟ್ ಮಾಡುತ್ತಾರೆ. "ಬಿಸಿಲಿಗೆ ಹಂಗ ಆಕ್ಕೈತ್ರಿ" ಎನ್ನುತ್ತಾರೆ. ಒಳ್ಳೇ ಡೀಸೆಲ್ ಗಾಡಿ ನಮ್ಮ ಬಿಸಿಲಿಗೆ ಹಂಗ ಆಗುವುದಿಲ್ಲ.

7. ಬಾಟಲಿ ಟೆಸ್ಟ್

ಬಿಸಿ ಸ್ಟಾರ್ಟ್‌ನಲ್ಲಿ ಅನುಮಾನ ಬಂದರೆ ಅಲ್ಲಿಂದ ನೇರ ಪಂಪ್ ಅಂಗಡಿಗೆ ಹೋಗಿ ರಿಟರ್ನ್ ಟೆಸ್ಟ್ ಮಾಡಿಸಿ. ಇಂಜೆಕ್ಟರ್ ಬಿಚ್ಚಬೇಕಾಗಿಲ್ಲ. ಪ್ರತಿಯೊಂದರ ರಿಟರ್ನ್ ಪೈಪ್ ತೆಗೆದು ಅಳತೆ ಗೆರೆ ಇರುವ ಸಣ್ಣ ಬಾಟಲಿಗೆ ಜೋಡಿಸಿ ಕೆಲವು ನಿಮಿಷ ಇಂಜಿನ್ ಓಡಿಸುತ್ತಾರೆ. ನಾಲ್ಕೂ ಬಾಟಲಿ ಸಮ ತುಂಬಿ, ಆ ಮಾಡೆಲಿನ ಮಿತಿಯೊಳಗೆ ಇರಬೇಕು. ಒಂದರಲ್ಲಿ ಮಾತ್ರ ಉಳಿದವುಗಳ ಎರಡು ಮೂರು ಪಟ್ಟು ಇದ್ದರೆ ಕಳ್ಳ ಅದೇ. ಮಾರುವವರೂ ಎದುರಿಗೆ ಇದ್ದರೆ ಒಳ್ಳೆಯದು, ಬಾಟಲಿ ನೋಡಿದ ಮೇಲೆ ಮಾತು ಕಮ್ಮಿಯಾಗುತ್ತದೆ.

ನಾಲ್ಕೂ ಸಮ ಇದೆ, ಆದರೂ ಒತ್ತಡ ಏರುತ್ತಿಲ್ಲವಾ? ಆಗ ಫಿಲ್ಟರ್, ಪೈಪಿನಲ್ಲಿ ಗಾಳಿ ಸೇರುವುದು, ಒತ್ತಡ ನಿಯಂತ್ರಿಸುವ ವಾಲ್ವ್, ಕೊನೆಗೆ ಪಂಪ್, ಈ ಕ್ರಮದಲ್ಲಿ ನೋಡಿಸಿ. ನಾಲ್ಕೂ ಸಮವಾಗಿ ಸವೆದಿದ್ದರೂ ಬಾಟಲಿ ಸಮವೇ ತುಂಬುತ್ತದೆ, ಅದಕ್ಕೇ ಮಿತಿಯ ಅಂಕಿ ಕೇಳಬೇಕು.

ಈ ಟೆಸ್ಟ್ ಹೇಳದ ಒಂದು ವಿಷಯ ಇದೆ. ಸಿಂಪರಣೆ ಹೇಗಿದೆ, ತುದಿ ತೊಟ್ಟಿಕ್ಕುತ್ತಿದೆಯಾ ಎಂಬುದು ಬೆಂಚಿನ ಮೇಲೆ ಹಾಕಿದರೆ ಮಾತ್ರ ಗೊತ್ತಾಗುತ್ತದೆ. ಅದಕ್ಕೆ ಬಿಚ್ಚಬೇಕು. ಬಿಚ್ಚುವಾಗ ಮುರಿದರೆ ಯಾರ ಖರ್ಚು ಎಂದು ಮೊದಲೇ ಮಾತಾಡಿ, ಇಲ್ಲದಿದ್ದರೆ ಆಮೇಲೆ ಇಬ್ಬರೂ ಗ್ಯಾರೇಜಿನ ಅಂಗಳದಲ್ಲಿ ನಿಂತು ಕೂಗಾಡುತ್ತೀರಿ.

ಡೀಸೆಲ್ ಫಿಲ್ಟರ್ ಬಿಚ್ಚಿಸಿ ಒಳಗಿನ ಡೀಸೆಲನ್ನು ಗಾಜಿನ ಲೋಟಕ್ಕೆ ಸುರಿದು ನೋಡಿ. ತಳದಲ್ಲಿ ನೀರು ಬೇರೆಯಾಗಿ ನಿಂತರೆ ಇಂಜೆಕ್ಟರ್ ಕೆಡಲು ಕಾರಣ ಸಿಕ್ಕಿತು. ಮಿನುಗುವ ಲೋಹದ ಪುಡಿ ಕಂಡರೆ ಅಲ್ಲಿಗೆ ನಿಲ್ಲಿಸಿ. ಪಂಪು ಒಳಗೇ ಸವೆದು ಆ ಚೂರು ರೇಲ್, ಇಂಜೆಕ್ಟರ್, ಟ್ಯಾಂಕ್ ಎಲ್ಲ ಕಡೆ ಹರಡಿರುತ್ತದೆ. ಬರೀ ಇಂಜೆಕ್ಟರ್ ಬದಲಿಸಿದರೆ ಹೊಸವನ್ನೂ ಅದೇ ಚೂರು ತಿನ್ನುತ್ತದೆ. ಎಷ್ಟೇ ಅಗ್ಗವಿದ್ದರೂ ಆ ಗಾಡಿ ಬೇಡ.

8. ಲೆಕ್ಕ

ಜೇಬಿನ ಚೀಟಿ ತೆಗೆಯಿರಿ. ಉದಾಹರಣೆಗೆ ಅಂಗಡಿಯವರು ಹೊಸ ಇಂಜೆಕ್ಟರಿಗೆ 14,000 ರೂ. ಹೇಳಿದ್ದಾರೆ ಎಂದುಕೊಳ್ಳಿ. ಒಂದೇ ಕೆಟ್ಟಿದ್ದರೂ ಲಕ್ಷ ಕಿಲೋಮೀಟರ್ ದಾಟಿದ ಗಾಡಿಯಾದರೆ ನಾನು ನಾಲ್ಕಕ್ಕೂ ಲೆಕ್ಕ ಹಾಕುತ್ತೇನೆ, ಒಂದೇ ಡೀಸೆಲ್ ಕುಡಿದು ಬೆಳೆದ ಅಣ್ಣತಮ್ಮಂದಿರು ಅವು. 56,000 ಆಯಿತು. ಕೂಲಿ, ವಾಷರ್, ಫಿಲ್ಟರ್, ಆಯಿಲ್ ಸೇರಿಸಿ. ಅದರ ಮೇಲೆ ಇನ್ನೂ ಕಾಲು ಭಾಗ ಇಡಿ, ಬಿಚ್ಚಿದ ಮೇಲೆ ಏನಾದರೂ ಒಂದು ಹೊರಗೆ ಬಂದೇ ಬರುತ್ತದೆ. ಅದೇ ಮಾಡೆಲಿನ ಸರಿಯಿರುವ ಗಾಡಿಯ ಬೆಲೆಯಿಂದ ಇದನ್ನು ಕಳೆದು ಉಳಿದದ್ದು ನಿಮ್ಮ ಗರಿಷ್ಠ. ಬೇಕಾದರೆ ರಿಪೇರಿ ಇಂಜೆಕ್ಟರ್ ಹಾಕಿಸಿ ಉಳಿಸಿಕೊಳ್ಳಿ, ಆದರೆ ಚೌಕಾಸಿ ಹೊಸದರ ಬೆಲೆಯ ಮೇಲೇ ನಡೆಯಲಿ.

ಮಾಡೆಲ್ ಬಗ್ಗೆಯೂ ಯೋಚಿಸಿ. ಮಾರುತಿ 2020ರಲ್ಲಿ ಡೀಸೆಲ್ ಕಾರು ನಿಲ್ಲಿಸಿದರೂ ಆ ಫಿಯಟ್ ಇಂಜಿನ್ ಊರೂರಲ್ಲಿ ಓಡುತ್ತಿದೆ, ಕೈ ಪಳಗಿದ ಮೆಕ್ಯಾನಿಕ್ ಕುಷ್ಟಗಿಯಲ್ಲೂ ಸಿಗುತ್ತಾರೆ. ದೊಡ್ಡ ಹೆಸರಿನ ವಿದೇಶಿ ಕಾರು ಸ್ವಿಫ್ಟ್ ಬೆಲೆಗೆ ಸಿಗುತ್ತಿದೆ ಎಂದು ಆಸೆಪಟ್ಟರೆ ಅದರ ಇಂಜೆಕ್ಟರ್ ಸ್ವಿಫ್ಟ್ ಬೆಲೆಗೆ ಸಿಗುವುದಿಲ್ಲ.

9. ಕೊಡುವುದು, ತರುವುದು

ಟೆಸ್ಟ್ ಮುಗಿಯುವ ಮುಂಚೆ ಅಡ್ವಾನ್ಸ್ ಬೇಡ. ಕೊಡಲೇಬೇಕಾದರೆ ಸಣ್ಣ ಮೊತ್ತ, "ರಿಟರ್ನ್ ಟೆಸ್ಟ್ ಸರಿ ಬರದಿದ್ದರೆ ವಾಪಸ್" ಎಂದು ಬರೆಸಿಕೊಂಡು. ಮಾಲೀಕರ ಹೆಸರು ಬದಲಿಸುವ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು ಡ್ರಾಯರಿನಲ್ಲಿ ಇಡಬೇಡಿ. ಒಂದೇ ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಇನ್ಶೂರೆನ್ಸ್ ಹೆಸರು ಬದಲಿಸಲು ಕಂಪನಿಗೆ 14 ದಿನದೊಳಗೆ ಅರ್ಜಿ ಕೊಡಿ.

ಇಂಜೆಕ್ಟರ್ ಬದಲಿಸಿದರೆ ತಲೆಯ ಮೇಲಿನ ಆ ಕೋಡನ್ನು ಸ್ಕ್ಯಾನರಿನಿಂದ ಇಸಿಯುಗೆ ಬರೆಸಬೇಕು, ಬಹಳಷ್ಟು ಗಾಡಿಗಳಿಗೆ ಇದು ಬೇಕೇ ಬೇಕು. ಕೋಡಿಂಗ್ ಮಾಡದೆ ಕೂರಿಸಿ ಕಳಿಸಿದರೆ ಹೊಸ ಇಂಜೆಕ್ಟರ್ ಹಾಕಿಯೂ ಗಾಡಿ ಕುಲುಕುತ್ತದೆ. ಬಿಲ್ಲಿನಲ್ಲಿ ಕೋಡಿಂಗ್ ಎಂಬ ಪದ ಇದೆಯಾ ನೋಡಿ. ಹಳೇ ಇಂಜೆಕ್ಟರ್‌ಗಳನ್ನು ಕೇಳಿ ಈಸಿಕೊಳ್ಳಿ, ಅವಕ್ಕೂ ಬೆಲೆಯಿದೆ.

ಡೀಸೆಲ್ಲಿಗೆ ಸುರಿಯುವ ಕ್ಲೀನರ್ ಬಾಟಲಿ ತುದಿಯಲ್ಲಿ ಕಟ್ಟಿದ ಮಸಿಗೆ ಅಷ್ಟಿಷ್ಟು ಕೆಲಸ ಮಾಡಬಹುದು. ಸವೆದ ಲೋಹವನ್ನು ಅದು ಬೆಳೆಸುವುದಿಲ್ಲ, ಅದಕ್ಕೆ ದುಡ್ಡು ಹಾಕುವ ಬದಲು ಫಿಲ್ಟರ್ ಹಾಕಿಸಿ. ಗಾಡಿ ಮನೆಗೆ ತಂದ ವಾರದಲ್ಲೇ ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್, ಆಯಿಲ್ ಮೂರೂ ಬದಲಿಸಿ. ಫಿಲ್ಟರ್ ತಳದ ನೀರು ಬಿಡುವ ಸ್ಕ್ರೂ ಎಲ್ಲಿದೆ ಎಂದು ಮೆಕ್ಯಾನಿಕ್ ಹತ್ತಿರ ತೋರಿಸಿಕೊಳ್ಳಿ, ಮಳೆಗಾಲದಲ್ಲಿ ಒಂದೆರಡು ಸಲ ಬಿಡಬೇಕು. ಟ್ಯಾಂಕನ್ನು ಕೊನೇ ಗೆರೆಯವರೆಗೆ ಒಣಗಿಸಬೇಡಿ, ಕಾಲು ಟ್ಯಾಂಕ್ ಇರುವಾಗಲೇ ಓಡಾಟ ಜಾಸ್ತಿ ಇರುವ ಬಂಕಿನಲ್ಲಿ ತುಂಬಿಸಿ. ಕ್ಯಾನಿನ ಡೀಸೆಲ್ ಟ್ರ್ಯಾಕ್ಟರಿಗೇ ಇರಲಿ.